ಗೋಣಿನ ಗಾದಿ ಉಬ್ಬಿದೆಯೆ? ವ್ಯಾಯಾಮ ಬಿಡಬೇಡಿ, ಅಳತೆ ತಿಳಿದು ಮಾಡಿ

ಮೈಂದರ್ಗಿ: ಅಕ್ಕಲಕೋಟ ತಾಲೂಕಿನ ಮೈಂದರ್ಗಿ, ದುಧನಿ ಕಡೆಯ ಜನ ಗೋಣು ನೋವು, ತೋಳಿನ ಸೆಳೆತ ಎಂದು ಸೋಲಾಪುರದ ದವಾಖಾನೆಗೆ ಹೋದರೆ ಬಹಳ ಸಲ ಕೇಳಿಬರುವ ಮಾತು, ‘ಮಾನೇತಲಿ ಗಾದಿ ಸರಕಲಿ ಆಹೆ’. ಕಲಬುರಗಿಗೋ ವಿಜಯಪುರಕ್ಕೋ ಹೋದರೆ ಅದೇ ಮಾತು ಕನ್ನಡದಲ್ಲಿ, ‘ಕುತ್ತಿಗೆಯ ಡಿಸ್ಕ್ ಉಬ್ಬಿದೆ’. ಗಡಿ ಊರಿನವರಿಗೆ ಎರಡೂ ಭಾಷೆ ಬರುತ್ತವೆ. ಆದರೆ ಯಾವ ಭಾಷೆಯಲ್ಲಿ ಕೇಳಿದರೂ ಎದೆ ಝಲ್ಲೆನ್ನುವುದು ಒಂದೇ ರೀತಿ. ಇನ್ನು ಹೊರೆ ಹೊರಲು ಬರುವುದಿಲ್ಲ, ಹೊಲದ ಕೆಲಸ ಮುಗಿಯಿತು, ಆಪರೇಶನ್ ಆಗದೆ ಗತಿಯಿಲ್ಲ ಎಂದು ಮನೆಮಂದಿಯೆಲ್ಲ ಚಿಂತೆಗೆ ಬೀಳುತ್ತಾರೆ.

ಹೆದರಿದವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಗೋಣು ಅಲುಗಿಸುವುದನ್ನೇ ಬಿಟ್ಟು ತಿಂಗಳುಗಟ್ಟಲೆ ಪಟ್ಟಾ ಕಟ್ಟಿಕೊಂಡು ಕೂಡುತ್ತಾರೆ. ಇನ್ನು ಕೆಲವರು ‘ಸರಿದ ಗಾದಿಯನ್ನು ಕೂಡಿಸಲು’ ಗೋಣು ತಿರುವಿ ನೆಟಿಕೆ ತೆಗೆಯುವವರ ಬಳಿಗೆ ಓಡುತ್ತಾರೆ. ಎರಡೂ ತಪ್ಪು ದಾರಿಗಳೇ. ಗಾದಿ ಉಬ್ಬಿದವರಲ್ಲಿ ಬಹುಪಾಲು ಜನ ಅಳತೆಯ ಚಲನೆಯಿಂದಲೇ ಸುಧಾರಿಸುತ್ತಾರೆ. ಎಷ್ಟು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅವರ ತೋಳೇ ತಿಳಿಸುತ್ತದೆ.

ಗಾದಿ ಎಂದರೇನು?

ಗೋಣಿನಲ್ಲಿ 7 ಮಣಿಗಳಿವೆ. ಮರಾಠಿಯಲ್ಲಿ ಇವಕ್ಕೆ ಮಣಕೆ ಎನ್ನುತ್ತಾರೆ. ಮೇಲಿನ ಎರಡು ಮಣಿಗಳ ನಡುವೆ ಮಾತ್ರ ಗಾದಿ ಇರುವುದಿಲ್ಲ. ಉಳಿದ ಕಡೆ ಮಣಿಗೊಂದು ಮಣಿ ತಿಕ್ಕದಂತೆ ನಡುವೆ ಮೆತ್ತನೆಯ ಗಾದಿ ಇದೆ. ಇದೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ಮೆತ್ತನೆಯ ತಿರುಳು. ಹೋಳಿಗೆಯ ಕಣಕ ಮತ್ತು ಹೂರಣವನ್ನು ನೆನೆಸಿಕೊಂಡರೆ ಇದು ತಿಳಿಯುತ್ತದೆ. ಕಣಕ ಹರಿಯದೆ ಅಂಚು ಮಾತ್ರ ಹೊರಕ್ಕೆ ಚಾಚಿದರೆ ಅದು ಉಬ್ಬು. ವರದಿಯಲ್ಲಿ ಇದನ್ನು ‘ಬಲ್ಜ್’ ಎಂದು ಬರೆದಿರುತ್ತಾರೆ. ಕಣಕ ಹರಿದು ಹೂರಣ ಹೊರಗೆ ಬಂದರೆ ಅದು ‘ಎಕ್ಸ್‌ಟ್ರೂಶನ್’. ಇವೆರಡರ ನಡುವಿನದು ‘ಪ್ರೊಟ್ರೂಶನ್’.

ಗಾದಿ ಮೇಲೆ ಕೆಳಗೆ ಮಣಿಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದ ಅದು ಹಾಸಿಗೆಯ ಗಾದಿಯಂತೆ ಜಾರಿ ಬೇರೆ ಕಡೆ ಹೋಗುವುದಿಲ್ಲ. ಜಾರದಿರುವುದನ್ನು ಮತ್ತೆ ‘ಕೂಡಿಸುವ’ ಪ್ರಶ್ನೆಯೂ ಇಲ್ಲ. ‘ಸರಕಲಿ’ ಎಂಬುದು ರೂಢಿಯ ಮಾತು ಅಷ್ಟೇ.

ಗೋಣಿನಿಂದ 8 ಜೊತೆ ನರಗಳು ಹೊರಡುತ್ತವೆ, ಅವುಗಳಲ್ಲಿ ಕೆಳಗಿನವು ಭುಜ, ತೋಳು, ಬೆರಳುಗಳಿಗೆ ಇಳಿಯುತ್ತವೆ. ಉಬ್ಬಿದ ಗಾದಿ ನರದ ಬೇರನ್ನು ಕೆಣಕಿದಾಗ ನೋವು ತೋಳಿಗೆ ಇಳಿಯುತ್ತದೆ. ತೊಂದರೆ ಹೆಚ್ಚಾಗಿ ಕಾಣುವುದು 5 ಮತ್ತು 6ನೆಯ ಮಣಿಗಳ ನಡುವೆ ಹಾಗೂ 6 ಮತ್ತು 7ನೆಯ ಮಣಿಗಳ ನಡುವೆ. ಮೊದಲನೆಯದರಲ್ಲಿ ಹೆಬ್ಬೆರಳಿನ ಕಡೆ, ಎರಡನೆಯದರಲ್ಲಿ ನಡುಬೆರಳಿನ ಕಡೆ ಜುಮುಗುಡುವುದು ಸಾಮಾನ್ಯ.

ವರದಿಯಲ್ಲಿ ಬರೆದದ್ದೆಲ್ಲ ರೋಗವಲ್ಲ

ಜಪಾನಿನಲ್ಲಿ ಗೋಣಿನ ಯಾವ ತೊಂದರೆಯೂ ಇಲ್ಲದ 1,211 ಜನರ ಎಂಆರ್‌ಐ ತೆಗೆದು ನೋಡಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 87.6ರಷ್ಟು ಜನರಿಗೆ ಗಾದಿ ಉಬ್ಬಿತ್ತು! ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ ಉಬ್ಬು ಕಂಡಿತು. ಅಂದರೆ ತಲೆ ನರೆತಂತೆ, ಚರ್ಮ ಸುಕ್ಕುಗಟ್ಟಿದಂತೆ ಗಾದಿ ಉಬ್ಬುವುದೂ ಬಹುಪಾಲು ಸಹಜವೇ. ಆದ್ದರಿಂದ ವೈದ್ಯರು ಎಂಆರ್‌ಐ ಹಾಳೆಯೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಕೈಯ ಬಲ, ಸ್ಪರ್ಶ, ನಡಿಗೆ ಎಲ್ಲವನ್ನೂ ಪರೀಕ್ಷಿಸಿ ವರದಿಯ ಜೊತೆ ತಾಳೆ ಹಾಕುತ್ತಾರೆ.

ನರಕ್ಕೆ ನಿಜವಾಗಿ ಒತ್ತಡ ಬಿದ್ದು ತೋಳು ನೋಯುವವರ ಗತಿಯೇನು? ಅಮೆರಿಕೆಯ ಮಿನ್ನೆಸೋಟ ರಾಜ್ಯದ ರೋಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಇಂಥ 561 ರೋಗಿಗಳ ಲೆಕ್ಕ ಇಟ್ಟಿದ್ದರು. ಸುಮಾರು ಕಾಲುಭಾಗ ಜನರಿಗೆ ಶಸ್ತ್ರಚಿಕಿತ್ಸೆ ಆಯಿತು. ಕೊನೆಯ ತಪಾಸಣೆಯ ಹೊತ್ತಿಗೆ ಶೇ. 90ರಷ್ಟು ಜನ ನೋವಿಲ್ಲದೆ ಅಥವಾ ಅಲ್ಪಸ್ವಲ್ಪ ತೊಂದರೆಯೊಂದಿಗೆ ಇದ್ದರು. ಹೊರಬಂದ ತಿರುಳನ್ನು ದೇಹವೇ ಕೆಲ ತಿಂಗಳುಗಳಲ್ಲಿ ಕರಗಿಸಿಕೊಳ್ಳುವುದೂ ಉಂಟು.

ಇವು ಇದ್ದರೆ ವ್ಯಾಯಾಮ ಬೇಡ, ಆಸ್ಪತ್ರೆಗೆ ಹೋಗಿ

ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದರೂ ಮನೆಯಲ್ಲಿ ವ್ಯಾಯಾಮ ಆರಂಭಿಸಬಾರದು.

* ಗುಂಡಿ ಹಾಕಲು, ರೊಟ್ಟಿ ತಟ್ಟಲು, ಸೂಜಿ ಹಿಡಿಯಲು ಕೈ ತಡವರಿಸುವುದು. ಕೈಯಿಂದ ಸಾಮಾನು ಜಾರಿ ಬೀಳುವುದು.
* ನಡೆಯುವಾಗ ಕಾಲು ಬಿಗಿಯುವುದು, ಓಲಾಡುವುದು, ಚಪ್ಪಲಿ ಕಾಲಿನಿಂದ ತಾನಾಗಿ ಜಾರಿದರೂ ತಿಳಿಯದಿರುವುದು.
* ಮೂತ್ರ, ಮಲದ ಮೇಲೆ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟುವುದು.
* ತೋಳಿನ ಬಲ ದಿನದಿನಕ್ಕೆ ಕುಂದುವುದು. ನೋವು ಹೋಗಿ ಕೈ ಸೋತಿದ್ದರೆ ಅದು ಗುಣವಾದ ಲಕ್ಷಣವಲ್ಲ. ನರ ಸೋಲುತ್ತಿರುವ ಲಕ್ಷಣ.
* ಗಾಡಿಯಿಂದ, ಮರದಿಂದ, ಮಾಳಿಗೆಯಿಂದ ಬಿದ್ದ ನಂತರ ಬಂದ ಗೋಣು ನೋವು.
* ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ತಗ್ಗದ ರಾತ್ರಿ ನೋವು. ಬೆನ್ನುಮಣಿಯ ಕ್ಷಯವೂ ಹೀಗೆಯೇ ತೋರಬಹುದು.

ಮೊದಲ ಮೂರು ಲಕ್ಷಣಗಳು ತೋಳಿನ ನರಕ್ಕಷ್ಟೇ ಅಲ್ಲ, ಮಣಿಗಳ ಒಳಗಿನ ಬೆನ್ನುಹುರಿಗೇ ಒತ್ತಡ ಬಿದ್ದಿರುವ ಸೂಚನೆ. ಇಲ್ಲಿ ತಡಮಾಡಿದರೆ ಕಳೆದುಹೋದ ಬಲ ಮರಳಿ ಬರದಿರಬಹುದು. ಅಕ್ಕಲಕೋಟ ತಾಲೂಕಿನವರಿಗೆ ಸೋಲಾಪುರದ ‘ಸಿವಿಲ್’, ಅಂದರೆ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಶ್ರೀ ಛತ್ರಪತಿ ಶಿವಾಜಿ ಮಹಾರಾಜ ಸರ್ವೋಪಚಾರ ರುಗ್ಣಾಲಯವಿದೆ. ಬಿದ್ದು ಪೆಟ್ಟಾದವರನ್ನು ಕೈಕಾಲು ಹಿಡಿದೆತ್ತಿ ಟಂಟಂನಲ್ಲಿ ಕೂಡಿಸಬಾರದು. ಗೋಣು ಅಲುಗದಂತೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆ ಗಡಿಯ ಎರಡೂ ಬದಿಗೆ ನಡೆಯುತ್ತದೆ.

ಎಡತೋಳಿನ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದನ್ನು ಗೋಣಿನದೆಂದು ಸುಮ್ಮನಿರಬಾರದು. ಅದು ಹೃದಯಾಘಾತ ಇರಬಹುದು.

ತೋಳು ಹೇಳುವ ಮಾತು

ಅಪಾಯದ ಲಕ್ಷಣ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ ವ್ಯಾಯಾಮ ಆರಂಭಿಸಬಹುದು. ಆಗ ನೆನಪಿಡಬೇಕಾದ ನಿಯಮ ಸರಳವಾದದ್ದು: ನೋವು ಎಷ್ಟಿದೆ ಎಂಬುದಕ್ಕಿಂತ ಯಾವ ಕಡೆ ಸಾಗುತ್ತಿದೆ ಎಂಬುದನ್ನು ನೋಡಬೇಕು.

ನೋವು ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ, ಭುಜದಿಂದ ಗೋಣಿಗೆ ಹಿಂದೆ ಸರಿಯುತ್ತಿದ್ದರೆ ವ್ಯಾಯಾಮ ಹಿಡಿಸುತ್ತಿದೆ ಎಂದು ಅರ್ಥ. ಆಗ ಗೋಣಿನಲ್ಲಿ ನೋವು ತುಸು ಹೆಚ್ಚಾದಂತೆ ಅನಿಸಿದರೂ ಗಾಬರಿ ಬೇಡ. ನೋವು ಅಥವಾ ಜುಮು ಗೋಣಿನಿಂದ ಕೆಳಗಿಳಿದು ಬೆರಳಿನತ್ತ ಸಾಗಿದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಬೇಕು.

ನೋವಿಗೆ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳುವುದು ಇನ್ನೊಂದು ಉಪಾಯ. ವ್ಯಾಯಾಮದಿಂದ ನೋವು 3 ಅಂಕದೊಳಗೆ ಇದ್ದು ತಾಸಿನೊಳಗೆ ಇಳಿದರೆ ಅಳತೆ ಸರಿಯಿದೆ. ಮರುದಿನ ಬೆಳಗಿನವರೆಗೂ ಉಳಿದರೆ ಅಳತೆ ಮೀರಿದೆ. ಮರುದಿನ ಅರ್ಧಕ್ಕೆ ಇಳಿಸಬೇಕು.

ಮೊದಲ ವಾರ

ನೋವು ತೀವ್ರವಾಗಿರುವ ಮೊದಲ ಎರಡು ಮೂರು ದಿನ ಭಾರದ ಕೆಲಸ ಬಿಡಬೇಕು. ಹಾಗೆಂದು ಹಾಸಿಗೆ ಹಿಡಿಯಬಾರದು. ಹತ್ತು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ನಡೆಯಬೇಕು. ತೋಳು ಜೋತಾಡಿದರೆ ಸೆಳೆತ ಹೆಚ್ಚುತ್ತಿದ್ದರೆ ಕೈಯನ್ನು ಸೊಂಟಕ್ಕೆ ಅಥವಾ ಕಿಸೆಗೆ ಇಟ್ಟುಕೊಂಡು ನಡೆಯಬಹುದು. ನೋಯುವ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಕೆಲವರಿಗೆ ಆರಾಮ ಸಿಗುತ್ತದೆ. ನರದ ಎಳೆತ ಸಡಿಲವಾಗುವುದೇ ಇದಕ್ಕೆ ಕಾರಣ.

ಪಟ್ಟಾ ಕಟ್ಟಬೇಕೆ? ನೆದರ್ಲೆಂಡ್ಸ್‌ನಲ್ಲಿ ತೋಳು ನೋವು ಹೊಸದಾಗಿ ಆರಂಭವಾದ 205 ರೋಗಿಗಳ ಮೇಲೆ ನಡೆದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಕೆಲ ವಾರ ಪಟ್ಟಾ ಕಟ್ಟಿ ವಿಶ್ರಾಂತಿ ಪಡೆದವರಿಗೂ, ಫಿಜಿಯೋಥೆರಪಿ ಮತ್ತು ಮನೆಯ ವ್ಯಾಯಾಮ ಮಾಡಿದವರಿಗೂ ಆರು ವಾರಗಳಲ್ಲಿ ಸರಿಸುಮಾರು ಒಂದೇ ಬಗೆಯ ಲಾಭವಾಯಿತು. ಏನೂ ಮಾಡದೆ ಕಾದವರಿಗೆ ಅಷ್ಟು ಬೇಗ ಆರಾಮ ಸಿಗಲಿಲ್ಲ. ಆದ್ದರಿಂದ ವೈದ್ಯರು ಹೇಳಿದರೆ ಪಟ್ಟಾ ಕಟ್ಟುವುದರಲ್ಲಿ ತಪ್ಪಿಲ್ಲ. ಆದರೆ ಅದು ವಾರಗಳ ಲೆಕ್ಕದ್ದು, ತಿಂಗಳುಗಳದ್ದಲ್ಲ. ಹೆಚ್ಚು ದಿನ ಕಟ್ಟಿದರೆ ಗೋಣಿನ ಸ್ನಾಯುಗಳೇ ಸೊರಗುತ್ತವೆ.

ಮನೆಯಲ್ಲಿ ಮಾಡುವ ವ್ಯಾಯಾಮಗಳು

ಇವಕ್ಕೆ ಯಾವ ಯಂತ್ರವೂ ಬೇಡ. ಒಂದು ಕುರ್ಚಿ, ಒಂದು ಗೋಡೆ, ಒಂದು ಸೋಲಾಪುರಿ ಟವೆಲ್ ಸಾಕು. ಮೊದಲ ಸಲ ಫಿಜಿಯೋಥೆರಪಿಸ್ಟ್ ಎದುರಿಗೆ ಮಾಡಿ ತೋರಿಸುವುದು ಉತ್ತಮ. ಉಸಿರು ಬಿಗಿ ಹಿಡಿಯಬಾರದು. ಬಿಪಿ ಇದ್ದವರು ಇದನ್ನು ವಿಶೇಷವಾಗಿ ನೆನಪಿಡಬೇಕು.

1. ಗದ್ದ ಹಿಂದೆ ಎಳೆಯುವುದು: ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಎದುರಿಗೆ ನೋಡಬೇಕು. ತಲೆ ಬಗ್ಗಿಸದೆ, ಎತ್ತದೆ, ಗದ್ದವನ್ನು ಸೀದಾ ಹಿಂದಕ್ಕೆ ಸರಿಸಬೇಕು. 2ರಿಂದ 3 ಸೆಕೆಂಡ್ ಹಿಡಿದು ಬಿಡಬೇಕು. 8ರಿಂದ 10 ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ತೋಳು ನೋವಿನ ದಿಕ್ಕನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

2. ಎಡಕ್ಕೆ ಬಲಕ್ಕೆ ತಿರುಗುವುದು: ನೋವು ಶುರುವಾಗುವ ಗಡಿಯವರೆಗೆ ಮಾತ್ರ ನಿಧಾನವಾಗಿ ತಿರುಗಿ ಹಿಂದಿರುಗಬೇಕು. ಪ್ರತಿ ಬದಿಗೆ 5 ಸಲ. ಗಡಿ ದಾಟಲು ಕೈಯಿಂದ ಒತ್ತಬಾರದು.

3. ರೆಕ್ಕೆಲುಬು ಕೂಡಿಸುವುದು: ಭುಜಗಳನ್ನು ಕಿವಿಯತ್ತ ಎತ್ತದೆ ಬೆನ್ನಿನ ಎರಡೂ ರೆಕ್ಕೆಲುಬುಗಳನ್ನು ಹಿಂದಕ್ಕೆ, ಕೆಳಕ್ಕೆ ಒಂದರ ಹತ್ತಿರ ಒಂದು ತರಬೇಕು. 5 ಸೆಕೆಂಡ್ ಹಿಡಿದು 10 ಸಲ.

4. ಅಂಗಾತ ಮಲಗಿ ತಲೆಯಾಡಿಸುವುದು: ಮಡಿಚಿದ ಟವೆಲ್ ತಲೆಯ ಕೆಳಗಿಟ್ಟು ಮಲಗಬೇಕು. ತಲೆ ಎತ್ತದೆ ‘ಹೌದು’ ಎನ್ನುವಷ್ಟೇ ಗದ್ದವನ್ನು ಎದೆಯ ಕಡೆ ತುಸು ಇಳಿಸಿ 5ರಿಂದ 10 ಸೆಕೆಂಡ್ ಹಿಡಿಯಬೇಕು. 8ರಿಂದ 10 ಸಲ. ಗೋಣಿನ ಮುಂಭಾಗದ ಒಳಸ್ನಾಯುಗಳು ಇದರಿಂದ ಬಲಗೊಳ್ಳುತ್ತವೆ.

5. ಕೈ ಒತ್ತಿ ತಡೆಯುವುದು: ತೀವ್ರ ನೋವು ಇಳಿದ ಮೇಲೆ ಇದನ್ನು ಸೇರಿಸಬೇಕು. ಅಂಗೈಯನ್ನು ಹಣೆಗಿಟ್ಟು, ತಲೆ ಅಲುಗದಂತೆ, ಶಕ್ತಿಯ ಕಾಲುಭಾಗದಷ್ಟು ಮಾತ್ರ ಪರಸ್ಪರ ಒತ್ತಬೇಕು. ಹಾಗೆಯೇ ತಲೆಯ ಹಿಂದೆ, ಎಡಕ್ಕೆ, ಬಲಕ್ಕೆ. ಪ್ರತಿ ದಿಕ್ಕಿಗೆ 5 ಸೆಕೆಂಡಿನಂತೆ 5 ಸಲ.

6. ಗೋಡೆ ದಂಡ: ಗೋಡೆಯಿಂದ ಒಂದು ಮೊಳ ಹಿಂದೆ ನಿಂತು ಎದೆಯೆತ್ತರಕ್ಕೆ ಕೈಯೂರಿ ನಿಧಾನವಾಗಿ ಬಾಗಿ ಏಳಬೇಕು. ತಲೆ ಮುಂದೆ ಚಾಚಬಾರದು. 8ರಿಂದ 10 ಸಲ, ದಿನಬಿಟ್ಟು ದಿನ.

ಮೊದಲ ನಾಲ್ಕನ್ನು ಎರಡು ವಾರ ಮಾಡಿ, ತೋಳಿನ ನೋವು ಹಿಂದೆ ಸರಿದ ಮೇಲೆ ಐದು ಮತ್ತು ಆರನೆಯದನ್ನು ಹಿಡಿಯಬೇಕು. ಅವು ಸಲೀಸಾದ ನಂತರ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಹಿಂದಕ್ಕೆ ಎಳೆಯುವಂಥ ಹಗುರ ಭಾರದ ವ್ಯಾಯಾಮ ಸೇರಿಸಬಹುದು. ನಡಿಗೆಯನ್ನು ಮೆಲ್ಲನೆ 30 ನಿಮಿಷಕ್ಕೆ ಏರಿಸಬೇಕು.

ಇವನ್ನು ಮಾಡಲೇಬಾರದು

ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳಲ್ಲಿ ಮೈಭಾರ ಗೋಣಿನ ಮೇಲೆ ಬೀಳುತ್ತದೆ ಅಥವಾ ಗೋಣು ಪೂರ್ತಿ ಬಾಗುತ್ತದೆ. ತೊಂದರೆ ಇರುವವರಿಗೆ ಇವು ಸಲ್ಲ. ಸೂರ್ಯನಮಸ್ಕಾರ ಮಾಡುವ ರೂಢಿ ಇದ್ದವರು ತಲೆಯನ್ನು ಹಿಂದಕ್ಕೆ ಚೆಲ್ಲುವ ಭಂಗಿಗಳಲ್ಲಿ ನೋಟವನ್ನು ಎದುರಿಗೇ ಇಟ್ಟುಕೊಳ್ಳಬೇಕು. ತಲೆಯನ್ನು ಗಾಣದಂತೆ ಸುತ್ತ ತಿರುಗಿಸುವುದೂ ಬೇಡ.

ಕ್ಷೌರದ ನಂತರ ಗೋಣು ಹಿಡಿದು ‘ಚಟಕ್’ ಎನಿಸುವ ಸೇವೆ ಅನೇಕರಿಗೆ ಇಷ್ಟ. ಅದು ಪುಕ್ಕಟೆ ಸಿಕ್ಕರೂ ಬೇಡವೆನ್ನಬೇಕು. ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಸಲೂನಿನಲ್ಲಿ ತಲೆ ಮಾಲೀಶಿನ ವೇಳೆ ಗೋಣು ತಿರುವಿದ್ದರಿಂದ ಗೋಣಿನ ರಕ್ತನಾಳ ಸೀಳಿ ಲಕವಾ ಹೊಡೆದ ಸುದ್ದಿ 2024ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಘಟನೆ ಅಪರೂಪ, ಆದರೆ ಪರಿಣಾಮ ಘೋರ.

ಹೊರೆ, ಒಲೆ, ಹೊಲ

ದಿನಕ್ಕೆ ಅರ್ಧ ತಾಸು ವ್ಯಾಯಾಮ ಮಾಡಿ ಉಳಿದ ಹೊತ್ತೆಲ್ಲ ಗೋಣಿಗೆ ಪೆಟ್ಟು ಕೊಟ್ಟರೆ ಫಲವಿಲ್ಲ. ಈ ಭಾಗದಲ್ಲಿ ಜೋಳದ ಕಣಕಿ, ಅಂದರೆ ಕಡಬಾ, ಕಬ್ಬಿನ ಮೋಳಿ, ನೀರಿನ ಕೊಡ ಎಲ್ಲವೂ ತಲೆಯ ಮೇಲೇ ಸಾಗುತ್ತವೆ. ಆಫ್ರಿಕದಲ್ಲಿ ತಲೆಹೊರೆ ಹೊರುವವರನ್ನು ಪರೀಕ್ಷಿಸಿದಾಗ, ಹೊರದವರಿಗಿಂತ ಅವರ ಗೋಣಿನ ಗಾದಿಗಳು ಬಹಳ ಹೆಚ್ಚು ಸವೆದಿದ್ದು ಕಂಡಿತು. ಈ ವರದಿ ಬಂದದ್ದು 1997ರಲ್ಲಿ. ಸಿಂಬಿ ಇಟ್ಟರೆ ತಲೆಗೆ ಒತ್ತುವುದಿಲ್ಲ, ಆದರೆ ಗೋಣಿನ ಮೇಲಿನ ಭಾರ ಒಂದು ತೊಲೆಯೂ ಕಡಿಮೆಯಾಗುವುದಿಲ್ಲ.

ಗಾದಿ ಉಬ್ಬಿ ತೋಳು ನೋಯುವವರು ತೋಳಿನ ನೋವು ಪೂರ್ತಿ ಹೋಗುವವರೆಗೆ ತಲೆಹೊರೆ ನಿಲ್ಲಿಸಬೇಕು. ಕೊಡ ತುಂಬುವ ಬದಲು ಎರಡು ಸಣ್ಣ ಕ್ಯಾನುಗಳಲ್ಲಿ ಅರ್ಧರ್ಧ ನೀರು ತುಂಬಿ ಎರಡೂ ಕೈಗೆ ಸಮನಾಗಿ ಹಿಡಿಯಬಹುದು. ಅದಕ್ಕೂ ತೋಳು ಸೆಳೆದರೆ ಸೈಕಲ್, ಕೈಗಾಡಿ ಬಳಸಬೇಕು. ದುಧನಿಯ ಅಡತಿಗಳಲ್ಲಿ ಚೀಲ ಹೊರುವ ಹಮಾಲರು ಗೋಣಿನ ಹಿಂಭಾಗಕ್ಕೆ ಭಾರ ಹಾಕಿಕೊಳ್ಳುವ ಕೆಲಸ ಬಿಟ್ಟು, ಕೆಲ ವಾರ ತೂಕ, ಹೊಲಿಗೆಯಂಥ ಕೆಲಸ ಕೇಳಿ ಪಡೆಯುವುದು ಲೇಸು. ಕೂಲಿ ಒಂದು ತಿಂಗಳು ತಗ್ಗುವುದು ಕೈ ಶಾಶ್ವತವಾಗಿ ಸೋಲುವುದಕ್ಕಿಂತ ಕಡಿಮೆ ನಷ್ಟ.

ನೆಲದ ಮೇಲೆ ಕುಳಿತು ಗೋಣು ಬಗ್ಗಿಸಿ ತಾಸುಗಟ್ಟಲೆ ರೊಟ್ಟಿ ಬಡಿಯುವುದು, ಬೀಡಿ ಕಟ್ಟುವುದು, ಕಾಳು ಹಸನು ಮಾಡುವುದು, ಮೊಬೈಲ್ ನೋಡುವುದು ಎಲ್ಲವೂ ಗೋಣಿಗೆ ಒಂದೇ. ಸಾಧ್ಯವಿದ್ದರೆ ಒಲೆಯನ್ನು ಕಟ್ಟೆಯ ಮೇಲೆ ಇಡಬೇಕು. ಆಗದಿದ್ದರೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಗದ್ದ ಹಿಂದೆ ಎಳೆಯುವ ವ್ಯಾಯಾಮವನ್ನು ನಾಲ್ಕೈದು ಸಲ ಮಾಡಬೇಕು. ಮಲಗುವಾಗ ತಲೆದಿಂಬು ಗೋಣನ್ನು ಬೆನ್ನಿನ ನೇರಕ್ಕೆ ಇಡುವಷ್ಟು ಎತ್ತರವಿದ್ದರೆ ಸಾಕು. ಬೋರಲು ಮಲಗಬಾರದು.

ಮೋಟಾರ್ ಸೈಕಲ್ ಸವಾರರು ಹೆಲ್ಮೆಟ್ ಭಾರವೆಂದು ಅದನ್ನು ಬಿಡಬಾರದು. ಹೆಲ್ಮೆಟ್ ಹೊರಲಾಗದಷ್ಟು ನೋವಿದ್ದರೆ ಗಾಡಿಯನ್ನೇ ಬಿಟ್ಟು ಎಸ್.ಟಿ. ಬಸ್ ಹತ್ತಬೇಕು.

ತಾಲೀಮಿಗೆ ಮರಳುವುದು

ಕುಸ್ತಿಯ ನಂಟು ಇರುವ ಊರುಗಳಲ್ಲಿ ಹುಡುಗರು ಕೇಳುವ ಪ್ರಶ್ನೆ, ಮತ್ತೆ ಯಾವಾಗ ಮಣ್ಣಿಗೆ ಇಳಿಯಬಹುದು? ತೋಳಿನಲ್ಲಿ ನೋವು, ಜುಮು ಇರಬಾರದು. ಎರಡೂ ಕೈಯ ಬಲ ಸಮನಾಗಿರಬೇಕು. ಗೋಣು ಎಲ್ಲ ದಿಕ್ಕಿಗೂ ತಡೆಯಿಲ್ಲದೆ ತಿರುಗಬೇಕು. ಇವು ಮೂರೂ ಆದ ಮೇಲೆ ವೈದ್ಯರನ್ನು ಕೇಳಿ ಬೈಠಕ್‌ನಿಂದ ಆರಂಭಿಸಿ, ಗೋಡೆ ದಂಡದಿಂದ ನೆಲದ ದಂಡಕ್ಕೆ ಬರಬಹುದು. ತಲೆಯೂರಿ ಮೈಯನ್ನು ಕಮಾನು ಮಾಡುವ ಕಸರತ್ತು, ಗದೆ ತಿರುಗಿಸುವುದು, ತಲೆಯ ಮೇಲೆ ಭಾರ ಎತ್ತುವುದು ಕೊನೆಯಲ್ಲಿ. ಬೆನ್ನುಹುರಿಗೆ ಒತ್ತಡವಿದೆ ಎಂದು ವರದಿ ಬಂದವರು ಕುಸ್ತಿಯ ಆಸೆ ಬಿಡುವುದೇ ಕ್ಷೇಮ.

ಆರು ವಾರ ಶಿಸ್ತಿನಿಂದ ಮಾಡಿದರೂ ತೋಳಿನ ನೋವು ಹಿಂದೆ ಸರಿಯದಿದ್ದರೆ, ಅಥವಾ ನಡುವೆ ಯಾವಾಗಲಾದರೂ ಕೈ ಬಲ ಕುಂದಿದರೆ ಮತ್ತೆ ವೈದ್ಯರ ಬಳಿ ಹೋಗಬೇಕು. ಆಗ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಅದು ವ್ಯಾಯಾಮದ ಸೋಲಲ್ಲ. ಕೆಲವು ನರಗಳಿಗೆ ಅದೇ ಸರಿಯಾದ ಮದ್ದು. ವೈದ್ಯರ ಎದುರು ‘ಗಾದಿ ಸರಕಲಿ’ ಎಂದಷ್ಟೇ ಹೇಳದೆ, ನೋವು ಯಾವ ಬೆರಳಿಗೆ ಇಳಿಯುತ್ತದೆ, ಯಾವ ಕೆಲಸಕ್ಕೆ ಹೆಚ್ಚುತ್ತದೆ, ಕೈಯಿಂದ ಏನು ಜಾರುತ್ತದೆ ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಬಿಡಿಸಿ ಹೇಳಬೇಕು. ಎಂಆರ್‌ಐ ಹಾಳೆಯಲ್ಲಿ ಇಲ್ಲದ ಎಷ್ಟೋ ಸಂಗತಿ ವೈದ್ಯರಿಗೆ ತಿಳಿಯುವುದು ಆ ನಾಲ್ಕು ಮಾತಿನಿಂದ.